14ನೆಯ ದಿನ ಬದುಕಿದ್ದ ಇಲಿ

ಕೇಳುಗರಿಗೆ ನಮಸ್ಕಾರ. ಗಿಡಮೂಲಿಕೆ ಔಷಧಗಳನ್ನು ಪ್ರಾಣಿಗಳ ಮೇಲೆ ಹೇಗೆ ಪರೀಕ್ಷಿಸುತ್ತಾರೆ ಎಂದು ತಿಳಿಸಲು ನನ್ನನ್ನು ಕರೆದಿದ್ದಾರೆ. ಸಮಯ ಕಡಿಮೆ, ಹಾಗಾಗಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಲಿ ಸಾಯಲಿಲ್ಲ ಎಂದ ಮಾತ್ರಕ್ಕೆ ಔಷಧ ಸುರಕ್ಷಿತವಲ್ಲ.

ಚೂರ್ಣವನ್ನೋ ಕಷಾಯವನ್ನೋ ಹಿಡಿದು ನನ್ನ ಬಳಿ ಬರುವವರು ಜೊತೆಗೊಂದು ವರದಿಯನ್ನೂ ತರುತ್ತಾರೆ. "ಕಿಲೋ ತೂಕಕ್ಕೆ 2000 ಮಿಲಿಗ್ರಾಂ ಕೊಟ್ಟರೂ ಒಂದು ಇಲಿಯೂ ಸಾಯಲಿಲ್ಲ" ಎಂದು ಅದರಲ್ಲಿರುತ್ತದೆ. ಸಂತೋಷ. ಆದರೆ ಆ ಪರೀಕ್ಷೆಯಲ್ಲಿ ನಡೆದದ್ದಾದರೂ ಏನು? ಮೂರು ಇಲಿಗಳಿಗೆ ಬಾಯಿಯ ಮೂಲಕ ಒಂದೇ ಒಂದು ಸಲ ಔಷಧ ಕೊಟ್ಟು 14 ದಿನ ಕಾದಿದ್ದಾರೆ. ತೂಕ, ಉಸಿರಾಟ, ನಡುಕ, ಭೇದಿ ಇವನ್ನೆಲ್ಲ ಬರೆದುಕೊಂಡಿದ್ದಾರೆ. ಸಾಯದಿದ್ದಾಗ ಇನ್ನೂ ಮೂರು ಇಲಿಗಳಿಗೆ ಅಷ್ಟನ್ನೇ ಕೊಟ್ಟು ನೋಡಿದ್ದಾರೆ. ಇದಕ್ಕೆ ತೀವ್ರ ವಿಷತ್ವ ಪರೀಕ್ಷೆ ಎಂದು ಹೆಸರು. ಯಾರಾದರೂ ಕೈತಪ್ಪಿ ಒಮ್ಮೆ ಹೆಚ್ಚು ನುಂಗಿದರೆ ಏನಾದೀತು ಎಂಬುದಕ್ಕೆ ಇದರಲ್ಲಿ ಉತ್ತರವಿದೆ. ಆರು ತಿಂಗಳು ದಿನವೂ ಕುಡಿಯುವವರಿಗೆ ಇದರಲ್ಲಿ ಉತ್ತರವಿಲ್ಲ.

ಬ್ರಸೆಲ್ಸ್‌ನಲ್ಲಿ ನಡೆದದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದವಾದೀತು, ಆದರೆ ಬಿಡಲು ಮನಸ್ಸಿಲ್ಲ. 1990ರಲ್ಲಿ ಅಲ್ಲಿನ ತೂಕ ಇಳಿಸುವ ಚಿಕಿತ್ಸಾಲಯವೊಂದು ತನ್ನ ಮಾತ್ರೆಗಳಿಗೆ ಚೀನಾದ ಎರಡು ಮೂಲಿಕೆಗಳನ್ನು ಸೇರಿಸಿತು. ಅವುಗಳಲ್ಲಿ ಒಂದು ಸ್ಟೆಫಾನಿಯಾ ಎಂಬ ಗಿಡದ ಬೇರು. ಚೀನೀ ಹೆಸರು ಹಾನ್ ಫಾಂಗ್ ಜಿ. ಆದರೆ ಅದರ ಜಾಗದಲ್ಲಿ ಬಂದು ಕುಳಿತದ್ದು ಗುವಾಂಗ್ ಫಾಂಗ್ ಜಿ, ಅಂದರೆ ಅರಿಸ್ಟೊಲೋಕಿಯಾ ಎಂಬ ಬೇರೆಯೇ ಕುಲದ ಗಿಡ. ಹೆಸರು ಮುಕ್ಕಾಲು ಪಾಲು ಒಂದೇ, ಗುಣ ಅಜಗಜಾಂತರ. 1992ರಲ್ಲಿ ಇಬ್ಬರು ಮಹಿಳೆಯರು ಮೂತ್ರಪಿಂಡ ಕೆಟ್ಟು ಆಸ್ಪತ್ರೆಗೆ ಬಂದರು. ವಿಚಾರಿಸಿದರೆ ಇಬ್ಬರೂ ಅದೇ ಚಿಕಿತ್ಸಾಲಯದ ಮಾತ್ರೆ ನುಂಗಿದವರು. ಹುಡುಕುತ್ತ ಹೋದಂತೆ ಸಂಖ್ಯೆ ನೂರನ್ನು ದಾಟಿತು. ಮುಂದೆ ಅವರಲ್ಲಿ 39 ಮಂದಿ ಮುನ್ನೆಚ್ಚರಿಕೆಯೆಂದು ಕೆಟ್ಟುಹೋದ ಮೂತ್ರಪಿಂಡಗಳನ್ನು ತೆಗೆಸಿಕೊಂಡಾಗ 18 ಮಂದಿಯ ಮೂತ್ರನಾಳದ ವ್ಯವಸ್ಥೆಯಲ್ಲಿ ಕ್ಯಾನ್ಸರ್ ಕಂಡುಬಂತು.

ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಈ ಅರಿಸ್ಟೊಲೋಕಿಯಾ ಗಿಡದಲ್ಲಿರುವ ವಿಷವಾದ ಅರಿಸ್ಟೊಲೋಕಿಕ್ ಆಮ್ಲವನ್ನು ಮೂರು ತಿಂಗಳು ದಿನವೂ ತಿಂದ ಇಲಿಗಳಲ್ಲಿ ಕ್ಯಾನ್ಸರ್ ಬಂದಿತೆಂಬ ವರದಿ 1982ರಲ್ಲೇ ಅಚ್ಚಾಗಿತ್ತು! ಜರ್ಮನಿಯಲ್ಲಿ ಈ ಆಮ್ಲವಿದ್ದ ಔಷಧಗಳನ್ನು ಅಷ್ಟರಲ್ಲೇ ಮಾರುಕಟ್ಟೆಯಿಂದ ತೆಗೆದಿದ್ದರು. ಇಲಿಗಳು ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಚೀಲದೊಳಗಿನ ಬೇರು ಯಾವುದೆಂದು ನೋಡುವುದಷ್ಟೇ ಬಾಕಿ ಇತ್ತು. ಅದನ್ನು ಯಾರೂ ನೋಡಲಿಲ್ಲ.

ಇನ್ನೂ ಒಂದು ಸಂಗತಿ ಇದೆ. ಮೂರು ತಿಂಗಳಲ್ಲಿ ಇಲಿಗಳಿಗೆ ಗಡ್ಡೆಗಳು ಬಂದವು, ಆದರೆ ಆ ಮಹಿಳೆಯರಲ್ಲಿ ಕಂಡಂತೆ ಮೂತ್ರಪಿಂಡ ನಾರುಗಟ್ಟಿ ಮುರುಟಲಿಲ್ಲ. ಅದನ್ನು ತೋರಿಸಿಕೊಟ್ಟದ್ದು ಮೊಲ. ಕಿಲೋ ತೂಕಕ್ಕೆ ಬರೀ 0.1 ಮಿಲಿಗ್ರಾಂನಂತೆ 17ರಿಂದ 21 ತಿಂಗಳು ಚುಚ್ಚುಮದ್ದು ಕೊಟ್ಟ ಮೇಲೆ! ಈಗ ಆ 14 ದಿನದ ವರದಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇಲಿ ಸಾಯಲಿಲ್ಲ, ನಿಜ. ಸಾಯುವಷ್ಟು ಕಾಲ ಅದನ್ನು ಕಾದವರು ಯಾರು?

ಗಾಜಿನಾಚೆಯಿಂದ ಕೈ ಬೀಸುತ್ತಿದ್ದಾರೆ, ಉಳಿದದ್ದನ್ನು ಓಡಿಸುತ್ತೇನೆ. ವರದಿ ಕೈಗೆ ಬಂದರೆ 90 ದಿನದ ಪರೀಕ್ಷೆ ಇದೆಯೇ ಎಂದು ಹುಡುಕಿ. ಅದರಲ್ಲಿ ಮೂರು ಪ್ರಮಾಣಗಳು, ಔಷಧ ಕೊಡದ ಒಂದು ಗುಂಪು, ಪ್ರತಿ ಗುಂಪಿನಲ್ಲಿ 10 ಗಂಡು, 10 ಹೆಣ್ಣು ಇಲಿಗಳಿರಬೇಕು. ರಕ್ತದ ಜೊತೆಗೆ ಯಕೃತ್ತು, ಮೂತ್ರಪಿಂಡಗಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿರಬೇಕು. ಗರ್ಭದ ಮೇಲಿನ ಪರಿಣಾಮಕ್ಕೆ ಬೇರೆಯೇ ಪರೀಕ್ಷೆ ಬೇಕು. ಇಲಿಯ ಪ್ರಮಾಣವನ್ನು ಮನುಷ್ಯನ ತೂಕಕ್ಕೆ ನೇರವಾಗಿ ಗುಣಿಸಬಾರದು. ಕಿಲೋ ಲೆಕ್ಕದ ಅಂಕಿಯನ್ನು ಮೊದಲು ಸುಮಾರು ಆರರಿಂದ ಭಾಗಿಸಬೇಕು. ಪ್ರಾಣಿಗಳ ಸಂಖ್ಯೆ, ನೋವು ಎರಡನ್ನೂ ಕಡಿಮೆ ಮಾಡಬೇಕೆಂಬ ಮಾತು 1959ರಿಂದ ಇದೆ. ಅದಕ್ಕೇ ಒಂದು ಗಂಟೆ ಬೇಕಿತ್ತು, ಇರಲಿ.

ಅಂದ ಹಾಗೆ, ನಾವು ಕನ್ನಡದಲ್ಲಿ ಈಶ್ವರಿ ಬೇರು ಎನ್ನುತ್ತೇವಲ್ಲ, ಅದೂ ಅರಿಸ್ಟೊಲೋಕಿಯಾ ಕುಲದ್ದೇ. ನಮಸ್ಕಾರ.