ಪುಟ್ಟ ಕೈಗಳಿಗೆ 25 ಪಾಠ

ಕೇಳುಗರಿಗೆ ನಮಸ್ಕಾರ.

ಪಿಯಾನೊ ಕಲಿಯುವ ಮಕ್ಕಳಿರುವ ಮನೆಯ ಪಕ್ಕದಲ್ಲಿ ನೀವಿದ್ದರೆ ಈ ಧಾಟಿ ಕಿವಿಗೆ ಬಿದ್ದೇ ಇರುತ್ತದೆ. ಎಡಗೈ ಒಂದೇ ಸ್ವರಗುಚ್ಛವನ್ನು ಟಕ್ ಟಕ್ ಎಂದು ಬಡಿಯುತ್ತದೆ. ಬಲಗೈ ನಾಲ್ಕು ಸ್ವರ ಸರಸರ ಓಡಿ, ಐದನೆಯದರ ಮೇಲೆ ತಟಕ್ಕನೆ ನಿಲ್ಲುತ್ತದೆ. ಮತ್ತೆ ಓಟ, ಮತ್ತೆ ನಿಲುಗಡೆ. ಇದರ ಹೆಸರು ಅರಬೆಸ್ಕ್. ಬರೆದವರು ಫ್ರೀಡ್ರಿಶ್ ಬುರ್ಗ್‌ಮ್ಯುಲರ್.

1806ರಲ್ಲಿ ಜರ್ಮನಿಯ ರೇಗೆನ್ಸ್‌ಬುರ್ಗ್‌ನಲ್ಲಿ ಹುಟ್ಟಿದವರು. 1830ರ ದಶಕದಲ್ಲಿ ಪ್ಯಾರಿಸ್ ಸೇರಿದರು. ಆಗ ಆ ಊರಿನಲ್ಲಿ ಶೋಪ್ಯಾಂ, ಲಿಸ್ಟ್‌ರಂಥ ಪಿಯಾನೊ ದಿಗ್ಗಜರು ಮೆರೆಯುತ್ತಿದ್ದ ಕಾಲ. ಶೋಪ್ಯಾಂ ಕೂಡ ಅಭ್ಯಾಸದ ಕೃತಿಗಳನ್ನು ಬರೆದರು. ಆದರೆ ಅವು ನುರಿತ ಕೈಗಳಿಗೇ ಬೆವರಿಳಿಸುವಂಥವು! ಬುರ್ಗ್‌ಮ್ಯುಲರ್ ನೋಡಿದ್ದು ಮನೆಮನೆಯಲ್ಲಿ ಪಿಯಾನೊ ಮುಂದೆ ಕೂತ ಮಕ್ಕಳನ್ನು. 1851ರ ಸುಮಾರಿಗೆ ಅವರ 25 ಸುಲಭ ಅಭ್ಯಾಸಗಳ ಪುಸ್ತಕ ಅಚ್ಚಾಯಿತು. ಅರಬೆಸ್ಕ್ ಇರುವುದು ಅದರಲ್ಲೇ. ಅವರ ಕೃತಿಗಳ ಪಟ್ಟಿಯಲ್ಲಿ ಆ ಪುಸ್ತಕ ನೂರನೆಯದು. ಪುಟ್ಟ ಕೈಗಳ ಅಳತೆ ನೋಡಿಯೇ ಬರೆದದ್ದು ಎಂದು ಪುಸ್ತಕದ ಮೇಲೇ ಹಾಕಿದ್ದರು.

ಅದೇ ಕಾಲದ ಇನ್ನೊಬ್ಬ ಪಿಯಾನೊ ಮೇಷ್ಟ್ರು ಚೆರ್ನಿಯ ಪಾಠಗಳನ್ನು ನುಡಿಸಿದವರಿಗೆ ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತದೆ. ಚೆರ್ನಿ ಬೆರಳಿಗೆ ಒಳ್ಳೆ ಕಸರತ್ತು ಕೊಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಹೆಚ್ಚಿನವಕ್ಕೆ ಬರೀ ನಂಬರು. ನಮ್ಮಲ್ಲಿ ಸರಳೆ, ಜಂಟಿ ವರಸೆ ಒಪ್ಪಿಸುವ ಮಗುವಿನ ಮುಖ ನೋಡಿದ್ದೀರಲ್ವಾ? ಅದೇ ಮುಖ ಅಲ್ಲೂ. ಬುರ್ಗ್‌ಮ್ಯುಲರ್ ಒಂದೊಂದು ಪಾಠಕ್ಕೂ ಹೆಸರಿಟ್ಟರು. ಬೇಟೆ, ತಿಳಿನೀರಿನ ಹೊಳೆ, ಬಾಯಿಬಡುಕಿ, ಬೀಳ್ಕೊಡುಗೆ.

ಈ ಹೆಸರುಗಳು ಸುಮ್ನೆ ಅಂದಕ್ಕಲ್ಲ. ಬೆರಳು ಏನು ಮಾಡಬೇಕೆಂದು ಹೆಸರೇ ಹೇಳಿಬಿಡುತ್ತದೆ. 24ನೆಯ ಪಾಠದ ಹೆಸರು ಕವಲುತೋಕೆ, ಆ ಹಕ್ಕಿ. ಇಲ್ಲಿ ಎಡಗೈ ಬಲಗೈಯ ಮೇಲೆ ಹಾರಿ, ಆಚೆ ಬದಿಯಲ್ಲಿ ಒಂದು ಸ್ವರ ಕುಕ್ಕಿ ವಾಪಸ್ ಬರಬೇಕು. ಮತ್ತೆ ಹಾರಬೇಕು. 'ಕೈ ದಾಟಿಸುವ ಅಭ್ಯಾಸ' ಎಂದಿದ್ದರೆ ಮಗು ಆಕಳಿಸುತ್ತಿತ್ತು. ಹಕ್ಕಿ ಎಂದ ಕೂಡಲೇ ಮಣಿಕಟ್ಟು ತಾನಾಗಿ ಹಗುರಾಗುತ್ತದೆ. ನನ್ನ ಕಣ್ಣಿಗೆ ಇದೇ ಅವರ ದೊಡ್ಡ ಜಾಣತನ.

ದೊಡ್ಡವರಿಗೂ ಅವರು ಬರೆದರು, ಬ್ಯಾಲೆಗಳಿಗೆ ಸಂಗೀತ ಕೊಟ್ಟರು. 1874ರಲ್ಲಿ ತೀರಿಕೊಂಡರು. ಇವತ್ತು ಅವರ ಹೆಸರು ಜಾಸ್ತಿ ಕೇಳಿಸುವುದು ಮಕ್ಕಳ ಪಾಠದ ಕೋಣೆಯಲ್ಲೇ.

ಈಗ ಅರಬೆಸ್ಕ್ ಕೇಳಿ. ಎರಡು ನಿಮಿಷವೂ ಹಿಡಿಯುವುದಿಲ್ಲ. ನಡುವೆ ಒಂದು ಕಡೆ ಓಟ ಎಡಗೈಗೆ ಹೋಗುತ್ತದೆ. ಕಲಿಯುವ ಮಕ್ಕಳು ಎಡವುವುದು ಅಲ್ಲೇ, ಸ್ವಲ್ಪ ಕಿವಿಗೊಡಿ.