ಡಿಲೀಟ್ ಮಾಡುವ ಸಾಲು ನನ್ನ ಕೈಯಲ್ಲೇ ಇರಲಿ

ನಮಸ್ಕಾರ. ಇವತ್ತು ಮಾತಾಡುವುದು ಒಂದೇ ಒಂದು ಸಾಲು ಕೋಡ್ ಬಗ್ಗೆ. ಕ್ಯೂನಿಂದ, ಅಂದರೆ ಪ್ರೋಗ್ರಾಂ ಮಾಡಬೇಕಾದ ಕೆಲಸಗಳು ಮೆಸೇಜ್‌ಗಳಾಗಿ ಕಾಯುವ ಸರದಿಯಿಂದ, ಮೆಸೇಜ್ ಡಿಲೀಟ್ ಮಾಡುವ ಸಾಲು.

ಅಮೆಜಾನ್‌ನ ಕ್ಯೂ ಸೇವೆಯಾದ ಎಸ್‌ಕ್ಯೂಎಸ್‌ನಲ್ಲಿ ಮೆಸೇಜ್ ಓದಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಸ್ವಲ್ಪ ಹೊತ್ತು ಬೇರೆಯವರ ಕಣ್ಣಿಗೆ ಬೀಳದಂತೆ ಅಡಗಿರುತ್ತದೆ, ಅಷ್ಟೇ. ನಾವಾಗಿ ಬದಲಾಯಿಸದಿದ್ದರೆ 30 ಸೆಕೆಂಡ್. ಅಷ್ಟರೊಳಗೆ ಡಿಲೀಟ್ ಮಾಡದಿದ್ದರೆ ಮತ್ತೆ ಎದ್ದು ಬರುತ್ತದೆ. ಬರಲೇಬೇಕು! ನಮ್ಮ ಪ್ರೋಗ್ರಾಂ ಅರ್ಧದಲ್ಲೇ ಬಿದ್ದುಹೋದರೆ ಇನ್ನೊಂದು ಅದನ್ನು ಎತ್ತಿಕೊಳ್ಳುವುದು ಹೀಗೇ ಅಲ್ವಾ?

ಅಂದರೆ ಡಿಲೀಟ್ ಮಾಡುವುದು 'ಕೆಲಸ ಮುಗಿಯಿತು' ಅಂತ ಸಹಿ ಹಾಕಿದ ಹಾಗೆ. ಆ ಸಹಿಯನ್ನು ಒಂದು ಪುಟ್ಟ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ನನ್ನನ್ನು ಕೇಳದೆ ಹಾಕುತ್ತಿತ್ತು. ಮೆಸೇಜ್ ನನ್ನ ಕೈಗೆ ಕೊಡುವ ಮೊದಲೇ ಡಿಲೀಟ್. ಕೋಡ್ ನೋಡಲು ಚೆಂದ, ಎರಡೇ ಸಾಲು. ಒಂದು ರಾತ್ರಿ ಡೇಟಾಬೇಸ್ ಕೈಕೊಟ್ಟಿತು. ಬೆಳಗ್ಗೆ ನೋಡಿದರೆ ಕ್ಯೂ ಖಾಲಿ. ಟೇಬಲ್‌ನಲ್ಲಿ ಆ ರಾತ್ರಿಯ ಒಂದು ಸಾಲೂ ಇಲ್ಲ. ಪದೇ ಪದೇ ಬಂದರೂ ಕೆಲಸ ಮುಗಿಯದ ಮೆಸೇಜ್‌ಗಳು ಹೋಗಿ ಸೇರುವ ಡೆಡ್ ಲೆಟರ್ ಕ್ಯೂ ಕೂಡ ಖಾಲಿ, ಯಾಕಂದರೆ ಯಾವ ಮೆಸೇಜೂ ಎರಡನೇ ಸಲ ಬರಲೇ ಇಲ್ಲ. ಲಾಗ್ ಮುಂದೆ ಕೂತು ಒಂದೊಂದೇ ಹೆಕ್ಕಿದೆ. ಸಿಕ್ಕಿದ್ದಕ್ಕಿಂತ ಹೋದದ್ದೇ ಜಾಸ್ತಿ.

ಇನ್ನೊಂದು ವಿಷಯ. ಒಂದೇ ಸಲಕ್ಕೆ 10 ಮೆಸೇಜ್‌ವರೆಗೆ ಡಿಲೀಟ್ ಮಾಡಬಹುದು. ಉತ್ತರ 200, ಅಂದರೆ 'ಸರಿ ಆಯಿತು', ಅಂತ ಬಂದರೂ ಒಳಗೆ 'ಫೇಲ್ಡ್' ಅನ್ನುವ ಪಟ್ಟಿ ಇರಬಹುದು. ಏಳು ಹೋಗಿರುತ್ತವೆ, ಮೂರು ಉಳಿದಿರುತ್ತವೆ. ಆ ಪಟ್ಟಿಯನ್ನು ಸುಮ್ನೆ ನುಂಗಿಬಿಡುವ ಲೈಬ್ರರಿಯನ್ನು ನಾನು ಮುಟ್ಟುವುದಿಲ್ಲ.

ಮೆಸೇಜ್ ಓದಿದಾಗ ಜೊತೆಗೆ ಸಿಗುವ ರಸೀದಿಯಂಥ ಗುರುತು, ರಿಸೀಟ್ ಹ್ಯಾಂಡಲ್ ಕೂಡ ಹಾಗೆಯೇ. ಡಿಲೀಟ್ ಮಾಡಲು ಬೇಕಾದದ್ದು ಅದು, ಮೆಸೇಜ್ ಐಡಿ ಸಾಲದು. ಓದಿದ ಪ್ರತಿ ಸಲವೂ ಹೊಸದು ಸಿಗುತ್ತದೆ. ಹಳೆಯದನ್ನು ಕೊಟ್ಟರೆ ಡಿಲೀಟ್ ಆಯಿತು ಅನ್ನುವಂಥ ಉತ್ತರ ಬಂದೂ ಮೆಸೇಜ್ ಅಲ್ಲೇ ಕೂತಿರಬಹುದು.

ಲೈಬ್ರರಿ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ. ನಾನು ಕೊಟ್ಟ ಫಂಕ್ಷನ್ ಎಡವದೆ ಮುಗಿದರೆ ಮಾತ್ರ ಡಿಲೀಟ್ ಮಾಡಿ. ಎಕ್ಸೆಪ್ಷನ್ ಬಂದರೆ ಮೆಸೇಜನ್ನು ಹಾಗೇ ಬಿಡಿ. ಅದೇ ಮೆಸೇಜ್ ಎರಡು ಸಲ ಬಂದರೆ ಸಂಭಾಳಿಸುವುದು ನನ್ನ ಪಾಡು, ಅದಕ್ಕೆ ಕೋಡ್ ಬರೆದಿದ್ದೇನೆ. ಈಗ ಕ್ಯೂನಿಂದ ಕೆಲಸ ಎತ್ತಿಕೊಳ್ಳುವ ನನ್ನ ವರ್ಕರ್‌ ಪ್ರೋಗ್ರಾಂನಲ್ಲಿ ಡಿಲೀಟ್ ಸಾಲು ಎಲ್ಲಕ್ಕಿಂತ ಕೆಳಗಿದೆ, ಡೇಟಾಬೇಸ್ ಕಮಿಟ್ ಆದ, ಅಂದರೆ ಬರೆದದ್ದು ಅಲ್ಲಿ ಗಟ್ಟಿಯಾಗಿ ಉಳಿದ ಮೇಲೆ.