ದೋಣಿ ಕಟ್ಟಿದ್ದೀರಿ, ಮೋಟರ್ ಬಿಚ್ಚಿದ್ದೀರಾ?

ಹಾಸನ ಆಕಾಶವಾಣಿ ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ. ಗೊರೂರು ಹಿನ್ನೀರಿನಲ್ಲಿ ಬಲೆ ಬಿಡುವವರು, ಬೇಲೂರಿನ ಯಗಚಿ ಕಡೆಯವರು, ತೋಟದ ಕೆರೆಗೆ ಒಂದು ಫೈಬರ್ ದೋಣಿ ತಂದಿಟ್ಟುಕೊಂಡವರು ಸ್ವಲ್ಪ ರೇಡಿಯೋ ಜೋರು ಮಾಡಿಕೊಳ್ಳಿ. ನಾನು ದೋಣಿ ಮೋಟರ್ ರಿಪೇರಿ ಮಾಡುವವನು. ನನ್ನದು ಒಂದೇ ಮಾತು. ಸಂಜೆ ದಡಕ್ಕೆ ಬಂದ ಮೇಲೆ ಮೋಟರ್ ಬಿಚ್ಚಿ ಮನೆಗೆ ತನ್ನಿ.

ತೆಪ್ಪದವರಿಗೆ ಈ ತಲೆನೋವಿಲ್ಲ. ಕವುಚಿ ತಲೆ ಮೇಲೆ ಹೊತ್ತುಕೊಂಡು ಮನೆಗೇ ಹೋಗುತ್ತಾರೆ. ಮೋಟರಿನವರನ್ನು ಕೇಳಿದರೆ 'ಭಾರ ಅಲ್ವಾ ಸಾರ್' ಅಂತಾರೆ. 2 ಎಚ್‌ಪಿ ಮೋಟರ್ ಸುಮಾರು 15 ಕೆಜಿ. 50 ಕೆಜಿ ಕಾಫಿ ಮೂಟೆ ಹೊರುವ ಊರಿನವರು ನಾವು!

ಶೆಟ್ಟಿಹಳ್ಳಿಯ ಹಳೇ ಚರ್ಚ್ ಗೊತ್ತಲ್ವಾ? ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದಲ್ಲ, ಅದೇ. ಆ ಕಡೆ ನನ್ನ ಸ್ನೇಹಿತನೊಬ್ಬ ದೋಣಿ ಕಟ್ಟುತ್ತಿದ್ದ. ಹಗ್ಗವನ್ನು ಒಂದು ಕುಡುಗೋಲು ಸಾಕು ಕತ್ತರಿಸೋಕೆ ಅಂತ ನಾನೇ ಹೆದರಿಸಿದ್ದೆ. ಹಾಸನಕ್ಕೆ ಹೋಗಿ ಲಾರಿಗೆ ಹಾಕುವಂಥ ಸರಪಳಿ ತಂದ. ಬೀಗ ಅಂದರೆ ತೆಂಗಿನ ಹೋಳಿನಷ್ಟು ದಪ್ಪ. ಹೊಂಗೆ ಮರಕ್ಕೆ ಸುತ್ತಿ ಬೀಗ ಜಡಿದು, 'ಈಗ ಯಾವನು ಬರ್ತಾನೆ ಬರಲಿ' ಅಂದ.

ಬಂದ. ಒಂದು ಬೆಳಿಗ್ಗೆ ಫೋನ್. ಸ್ಕೂಟರ್ ಹತ್ತಿ ಹೋದೆ. ಮರದಲ್ಲಿ ಸರಪಳಿ ಇದೆ, ಬೀಗ ಇದೆ, ಸರಪಳಿ ತುದಿಯಲ್ಲಿ ದೋಣಿಯ ಮೂತಿಯ ಕೊಂಡಿಯೂ ಇದೆ. ದೋಣಿ ಮಾತ್ರ ಇಲ್ಲ! ಕೊಂಡಿಯ ನಾಲ್ಕು ನಟ್ಟು ಬಿಚ್ಚಿ ಕಲ್ಲಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದಾನೆ, ಮಹಾರಾಯ. ಸ್ಪ್ಯಾನರ್ ಯಾವುದು ಗೊತ್ತಾ? ಅದೇ ದೋಣಿಯ ಡಬ್ಬಿಯಲ್ಲಿದ್ದದ್ದು! ನಮ್ಮವನು ಆಗಲೂ 'ಬೀಗ ಮುರಿಯೋಕೆ ಆಗಲಿಲ್ಲ ನೋಡು' ಅಂತಾನೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದೋಣಿ ಸಿಕ್ಕಿತು. ಹಿನ್ನೀರಿನ ಒಣಮರದ ಬೊಡ್ಡೆಗೆ ಸಿಕ್ಕಿಹಾಕಿಕೊಂಡಿತ್ತು. ಮೋಟರ್ ಇರಲಿಲ್ಲ. ಕಳ್ಳನಿಗೆ ದೋಣಿ ಯಾಕೆ ಬೇಕು ಹೇಳಿ? ಅಷ್ಟು ದೊಡ್ಡದನ್ನು ಎಲ್ಲಿ ಬಚ್ಚಿಡುತ್ತಾನೆ? ಅವನು ಬರುವುದೇ ಮೋಟರಿಗೆ. ಅದಕ್ಕೇ ಹೇಳುವುದು, ಬಿಚ್ಚಿ ಮನೆಗೆ ತನ್ನಿ.

ಗಾಜಿನ ಆಚೆಯಿಂದ ಟೈಮ್ ಆಯ್ತು ಅಂತ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಸರಪಳಿಯನ್ನು ಕೊಂಡಿಗೆ ಹಾಕಬೇಡಿ, ಗಟ್ಟಿ ಅಡ್ಡಹಲಗೆಯನ್ನೇ ಸುತ್ತಿ ತನ್ನಿ. ಬಿಗಿಯಾಗಿ ಕಟ್ಟಬೇಡಿ. ಗೊರೂರು ಜಲಾಶಯ ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 2922 ಅಡಿ. ಪುಷ್ಯ ಮಳೆ ಹಿಡಿದು ನೀರು ಏರಿದಾಗ ಸರಪಳಿ ಗಿಡ್ಡ ಇದ್ದರೆ ದೋಣಿಯ ಮೂತಿಯನ್ನೇ ನೀರಿಗೆ ಎಳೆಯುತ್ತದೆ. ಮೋಟರಿನ ತಗಡಿನ ಮೇಲೆ ನಂಬರ್ ಇರುತ್ತದೆ, ಇವತ್ತೇ ಫೋಟೋ ತೆಗೆದಿಡಿ. ಇಲ್ಲದಿದ್ದರೆ ಸ್ಟೇಷನ್ನಿನಲ್ಲಿ 'ಕಪ್ಪು ಬಣ್ಣದ್ದು ಸಾರ್' ಅಂತ ನಿಲ್ಲಬೇಕಾಗುತ್ತದೆ. ರಾತ್ರಿ ದೋಣಿಯಲ್ಲಿ ಕೂತು ಬಾಟಲಿ ಬಿಚ್ಚುವ ಹುಡುಗರ ಕಾಟ ಇದ್ದರೆ ಹುಟ್ಟುಗಳನ್ನೂ ಹೊತ್ತು ತನ್ನಿ. ನೀರಿಗೆ ತಳ್ಳಿಕೊಂಡು ಹೋಗಿ ಮುಳುಗಿದರೆ ಕಷ್ಟ.

ಹಾಂ, ಮನೆಗೆ ತಂದ ಮೋಟರನ್ನು ಅಡುಗೆಮನೆಯಲ್ಲಿ ಇಡಬೇಡಿ. ಒಲೆ ಹತ್ತಿರ ಪೆಟ್ರೋಲ್ ಅಪಾಯ. ಅದಕ್ಕೂ ಮೊದಲು ಆ ವಾಸನೆಗೆ ಮನೆಯವರು ನಿಮ್ಮನ್ನೇ ಜಗಲಿಗೆ ಹಾಕುತ್ತಾರೆ. ನಮಸ್ಕಾರ.